ಗೋಡೆಗೆ ಬಣ್ಣ ಬೀಳಿಸುತ್ತಿದ್ದ ಅಕ್ಕೋರು

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಮುದುಕನಾದೆ. ಈಗ ಮುಂದೂಡಲೂ ದಣಿವು.

ಮೂವತ್ತರ ದಶಕದಲ್ಲಿ ಅಂಕೋಲೆಯ ಶಾಲೆಯಲ್ಲಿ ನಮ್ಮಂಥ ಚಿಕ್ಕ ಮಕ್ಕಳಿಗೆ ಒಬ್ಬರು ಅಕ್ಕೋರು ಕಲಿಸುತ್ತಿದ್ದರು. ಮಗ್ಗಿ ಮುಗಿದ ಮೇಲೆ ಕಿಟಕಿಯ ಬಿಸಿಲಿಗೆ ಬಣ್ಣದ ಗಾಜಿನ ಚೂರು ಹಿಡಿಸುತ್ತಿದ್ದರು. ಗೋಡೆಯ ಮೇಲೆ ಬಿದ್ದ ಬಣ್ಣವನ್ನು ಹಿಡಿಯಹೋದರೆ ಅದು ನಮ್ಮ ಕೈಯ ಮೇಲೇ ಬಂದು ಕೂರುತ್ತಿತ್ತು, ಗೋಡೆಯಲ್ಲಿ ಕೈಯ ನೆರಳಷ್ಟೇ ಉಳಿಯುತ್ತಿತ್ತು. "ಹಿಡಿ ನೋಡ್ವಾ ತಮಾ," ಎಂದು ಅವರು ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರು. ಚೂರಿನ ಅಂಚು ನಮಗೆ ತಾಗದಿರಲೆಂದು ಕಲ್ಲಿಗೆ ತಿಕ್ಕಿ ತಿಕ್ಕಿ ಅವರ ಬೆರಳುಗಳು ಒರಟಾಗಿದ್ದವು.

ಒಂದು ದಿನ ಕೆಂಪು ಚೂರನ್ನು ನನ್ನಿಂದ ತೆಗೆದು ಒಬ್ಬ ಹುಡುಗಿಗೆ ಕೊಟ್ಟರು. "ನಿಂದು ಆಯ್ತಲಾ, ಅದ್ಕೂ ಬೇಕಲಾ," ಎಂದರು. ಆ ಸಿಟ್ಟು ಮರುದಿನವೂ ಇತ್ತು. ತಪಾಸಣೆಗೆ ಬಂದ ಸಾಹೇಬರು, "ಅಕ್ಕೋರು ಏನು ಕಲಿಸಿದ್ದಾರೆ?" ಎಂದು ನನ್ನನ್ನೇ ಕೇಳಿದರು. ಮಗ್ಗಿ ಬಾಯಿಪಾಠವಿದ್ದರೂ, "ಎಂತದೂ ಇಲ್ಲ, ಬರೀ ಆಟ," ಎಂದೆ. ಅಕ್ಕೋರು ನನ್ನನ್ನು ಸುಳ್ಳುಗಾರನೆನ್ನಲಿಲ್ಲ.

ತಿಂಗಳೊಳಗೆ ಅವರನ್ನು ಹಿಲ್ಲೂರಿನ ಮಲೇರಿಯಾ ಕಾಡಿಗೆ ವರ್ಗ ಮಾಡಿದರು. ಹೊರಟ ದಿನ ನಮ್ಮ ಅಂಗಳದಲ್ಲಿ ನಿಂತು, "ತಮಾ, ನಾ ಬತ್ತೆ ಹಾಂ," ಎಂದು ಕೂಗಿದರು. ನಾನು ಬಾಗಿಲ ಹಿಂದಿನಿಂದ ಹೊರಗೆ ಬರಲಿಲ್ಲ. ಆಮೇಲೆ ಬದುಕಿನಲ್ಲಿ ಎಷ್ಟೋ ಜನರ ಕ್ಷಮೆ ಕೇಳಿದ್ದೇನೆ. ಕೇಳದೆ ಉಳಿದದ್ದು ಒಬ್ಬರಲ್ಲೇ, ನನ್ನ ಅಕ್ಕೋರಲ್ಲಿ.