ಅತ್ತೆಯ ಕಾಲಿಗೆ ವೈರಸ್

ಕೊರೊನಾ ಕಾಲದಲ್ಲಿ ಗಂಗಾವತಿಯ ಮನೆಯಿಂದ ಆಂಬುಲೆನ್ಸ್ ಹತ್ತಿ ಹೋದ ನಮ್ಮ ಮಾವ ತಿರುಗಿ ಬರಲಿಲ್ಲ. ಮುಖ ನೋಡಲೂ ಸಿಗಲಿಲ್ಲ. ಅಂದಿನಿಂದ ವೈರಸ್ ಎಂಬ ಮಾತು ಕೇಳಿದರೇ ನಮ್ಮ ಮನೆಯಲ್ಲಿ ಟಿವಿ ಆರಿಸಿಬಿಡುತ್ತಿದ್ದೆವು. ಹೀಗಿರುವಾಗ ಕೊಪ್ಪಳದ ಆಸ್ಪತ್ರೆಯಲ್ಲಿ ಡಾಕ್ಟರು, "ಅಮ್ಮಾರ, ನಿಮ್ಮ ಅತ್ತಿಯವರ ಗಾಯಕ್ಕ ವೈರಸ್ ಬಿಟ್ಟು ನೋಡೂಣೇನು?" ಎಂದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

ಅತ್ತೆಗೆ ಬಹಳ ವರ್ಷಗಳ ಶುಗರ್, ಅದರಿಂದ ಪಾದಕ್ಕೆ ಸ್ಪರ್ಶವೇ ಇರಲಿಲ್ಲ. ಹಿತ್ತಿಲಲ್ಲಿ ಬಟ್ಟೆ ಒಣಹಾಕುವಾಗ ಹೆಂಚಿನ ಚೂರು ಅಂಗಾಲಿಗೆ ಚುಚ್ಚಿದ್ದು ಅವರಿಗೆ ತಿಳಿದೇ ಇರಲಿಲ್ಲ. ಪಡಸಾಲೆಯ ತುಂಬ ರಕ್ತದ ಹೆಜ್ಜೆ ಕಂಡು ಕೂಗಿಕೊಂಡವಳು ನಾನು. ಗಂಗಾವತಿಯಲ್ಲಿ ಮಾತ್ರೆ, ಇಂಜೆಕ್ಷನ್ ಎಲ್ಲ ಆದರೂ ಗಾಯ ಮಾಯಲಿಲ್ಲ. ಕೊಪ್ಪಳಕ್ಕೆ ಕರೆತರುವ ಹೊತ್ತಿಗೆ ಕಿರುಬೆರಳು ಕಪ್ಪಾಗಿತ್ತು, ಅದನ್ನು ತೆಗೆದರು. ಆಮೇಲೂ ಕೀವು ನಿಲ್ಲಲಿಲ್ಲ. ಅದರಲ್ಲಿದ್ದ ಬ್ಯಾಕ್ಟೀರಿಯಾ ಯಾವ ಔಷಧಕ್ಕೂ ಬಗ್ಗುತ್ತಿಲ್ಲ, ಹೀಗೇ ಆದರೆ ಮೊಣಕಾಲ ಕೆಳಗೆ ಕತ್ತರಿಸಬೇಕಾದೀತು ಎಂದರು.

"ಇದು ಮನಷ್ಯಾರಿಗೆ ಹತ್ತೋ ವೈರಸ್ ಅಲ್ರಿ," ಡಾಕ್ಟರು ನನ್ನನ್ನು ಕೂರಿಸಿ ಹೇಳಿದರು. "ಬ್ಯಾಕ್ಟೀರಿಯಾನ್ನಷ್ಟ ಹಿಡದು ಕೊಲ್ಲತೈತಿ. ಫೇಜ್ ಅಂತಾರ. ಬ್ಯಾರೆ ದಾರಿ ಇಲ್ಲದವರಿಗೆ ಅನುಮತಿ ತಗೊಂಡು ಕೊಡತಾರ. ಗುಣ ಆಗೇ ಆಗತೈತಿ ಅಂತ ನಾ ಹೇಳಂಗಿಲ್ಲ."

"ಎಲ್ಲಿಂದ ತರತಾರ್ರಿ ಅದನ್ನ?" ನನ್ನ ಗಂಡ ಕೇಳಿದರು.

"ಹೆಚ್ಚಾಗಿ ಗಟಾರದ ನೀರಾಗ ಸಿಗತಾವ್ರಿ. ಲ್ಯಾಬಿನ್ಯಾಗ ಸೋಸಿ, ಶುದ್ಧ ಮಾಡಿ ಕಳಸ್ತಾರ."

ಚರಂಡಿ ನೀರಿನ ಔಷಧ! ಕೊಡ ತುಂಬುವ ಮೊದಲು ನಲ್ಲಿಯನ್ನೇ ತೊಳೆಯುವ ಹೆಂಗಸು ನಮ್ಮ ಅತ್ತೆ. ಗಂಡ ನನ್ನ ಕಡೆ ನೋಡಿ, "ಅವ್ವಗ ಗಟಾರದ ಸುದ್ದಿ ಹೇಳೂದು ಬ್ಯಾಡ" ಎಂದರು. ಡಾಕ್ಟರು ಒಪ್ಪಲಿಲ್ಲ. ಕಾಲು ಅವರದು, ಅವರಿಗೆ ತಿಳಿಸದೆ ಏನೂ ಮಾಡುವುದಿಲ್ಲವೆಂದು ಹೇಳಿ, ಮಂಚದ ಪಕ್ಕ ನಿಂತು ಎಲ್ಲವನ್ನೂ ಬಿಡಿಸಿ ಹೇಳಿದರು.

"ಥೂ!" ಎಂದರು ಅತ್ತೆ. ಆಮೇಲೆ ಪಟ್ಟಿ ಕಟ್ಟಿದ ಕಾಲನ್ನು ನೋಡಿಕೊಂಡು, "ಇದನ್ನ ಯಾರರ ಮೈಗೆ ಹಾಕ್ಕೊಂಡಾರೇನ್ರಿ?" ಎಂದು ಕೇಳಿದರು.

"ಹಾಕ್ಕೊಂಡಾರ್ರಿ. ಕೆಲವು ದೇಶದಾಗ ಕ್ರಿಮಿ ಸಾಯಲಿ ಅಂತ ಮಾಂಸದ ಮ್ಯಾಲೆ, ಚೀಸಿನ ಮ್ಯಾಲೆ ಸಿಂಪಡಿಸಿ ಮಾರತಾರ, ಮಂದಿ ತಿಂತಾರ. ಅಷ್ಟ್ಯಾಕ, ನೀವು ಉಣ್ಣೋ ಮಸರಿನ್ಯಾಗೂ ಇಂಥಾವು ಇರಬಹುದು. ನಮ್ಮೆಲ್ಲರ ಹೊಟ್ಟ್ಯಾಗಂತೂ ಅದಾವ."

ನನ್ನ ಕೈ ತಾನಾಗಿ ಹೊಟ್ಟೆಗೆ ಹೋಯಿತು. ಬೆಳಿಗ್ಗೆ ತಾನೇ ರೊಟ್ಟಿ, ಮೊಸರು ತಿಂದು ಬಸ್ ಹತ್ತಿದ್ದೆ.

"ಹೊಟ್ಟ್ಯಾಗ ಇದ್ದಿದ್ದು ಕಾಲಾಗ ಇದ್ರೇನಾತು? ಹಾಕ್ರಿ" ಎಂದುಬಿಟ್ಟರು ಅತ್ತೆ.

ಅಂದು ಕೇಳಿದ ಎಲ್ಲಕ್ಕಿಂತ ನನ್ನನ್ನು ದಂಗುಬಡಿಸಿದ್ದು ಈ ಮಾತು. "ಅತ್ತಿ, ವೈರಸ್‌ರಿ ಅದು!" ಎಂದೆ.

"ನಿನ್ನ ಮಾವನ್ನ ಒಯ್ದದ್ದು ಬ್ಯಾರೆ, ಇದು ಬ್ಯಾರೆ ಅಂತ ಹೇಳಾಕತ್ಯಾರಲ್ಲ. ನೀ ಯಾಕ ಅಳತಿ?"

ನಾನು ಅಳುತ್ತಿದ್ದುದು ನನಗೇ ಗೊತ್ತಾಗಿರಲಿಲ್ಲ.

ಅತ್ತೆಯ ಗಾಯದ ಬ್ಯಾಕ್ಟೀರಿಯಾವನ್ನು ಯಾವ ಫೇಜ್ ಕೊಲ್ಲುತ್ತದೆಂದು ನೋಡಲು ಕೀವನ್ನು ದೂರದ ಊರಿನ ಲ್ಯಾಬಿಗೆ ಕಳಿಸಿದರು. ಮೊದಲು ನೋಡಿದ ಫೇಜ್‌ಗಳು ನಾಟಲಿಲ್ಲವಂತೆ. ಕೊನೆಗೆ ಒಂದು ನಾಟಿತು. ಡಾಕ್ಟರು ಮೊಬೈಲಿನಲ್ಲಿ ಫೋಟೋ ತೋರಿಸಿದರು: ತಟ್ಟೆಯೊಂದರಲ್ಲಿ ಆರಿದ ಗಂಜಿಯ ಕೆನೆಯಂಥ ಪದರ, ಅದರ ತುಂಬ ದುಂಡನೆಯ ತೂತುಗಳು. ಕೆನೆಯೆಂದರೆ ಅತ್ತೆಯ ಕಾಲಿನ ಬ್ಯಾಕ್ಟೀರಿಯಾ. ತೂತೆಂದರೆ ಅವು ಸತ್ತ ಜಾಗ.

ಐಸಿನಲ್ಲಿಟ್ಟು ಕಳಿಸಿದ್ದ ಆ ಔಷಧ ನೀರಿನ ಹಾಗೇ ಇತ್ತು. ವಾಸನೆಯೂ ಇರಲಿಲ್ಲ. ಅದನ್ನು ಗಾಯಕ್ಕೆ ಹನಿಸಿ ಪಟ್ಟಿ ಕಟ್ಟುತ್ತ ಹೋದರು, ಜೊತೆಗೆ ಮೊದಲಿನ ಇಂಜೆಕ್ಷನ್ನುಗಳೂ ನಡೆದಿದ್ದವು. ಮೆಲ್ಲಗೆ ನಾತ ಕಡಿಮೆಯಾಯಿತು, ಕೀವು ಬತ್ತಿತು, ಗಾಯದ ಅಂಚಿನಲ್ಲಿ ಹೊಸ ಮಾಂಸ ಕಾಣಿಸಿತು. ಯಾವುದರಿಂದ ಎಷ್ಟು ಗುಣವಾಯಿತೆಂದು ಖಚಿತವಾಗಿ ಹೇಳಲಾರೆ ಎಂದರು ಡಾಕ್ಟರು. ಕಾಲಂತೂ ಉಳಿಯಿತು.

ಮನೆಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಅತ್ತೆ ತಾವೇ ಕಾಲು ಚಾಚಿ ತೋರಿಸಿ, "ಗಟಾರದಾಗಿನ ವೈರಸ್ ಹಾಕ್ಯಾರ್ ನೋಡ್ರಿ" ಎನ್ನುತ್ತಿದ್ದರು. ಎದುರುಮನೆಯಾಕೆ ಕುಡಿಯುತ್ತಿದ್ದ ಚಹಾವನ್ನು ಅರ್ಧಕ್ಕೇ ಕೆಳಗಿಟ್ಟರು.