ಎಲ್ಲರಿಗೂ ಕಳುಹಿಸಿದ ಮಾಫಿ

ಶಬೇ ಬರಾತ್ ಬಂತೆಂದರೆ ನಮ್ಮವರಿಗೆಲ್ಲ ಇದ್ದಕ್ಕಿದ್ದಂತೆ ವಿನಯ ಉಕ್ಕಿ ಬರುತ್ತದೆ. ಆ ರಾತ್ರಿ ಮುಂದಿನ ವರ್ಷದ ಹಣೆಬರಹ ಬರೆಯಲಾಗುತ್ತದೆ, ಬೇಡಿದವರಿಗೆ ಕ್ಷಮೆ ಸಿಗುತ್ತದೆ, ರಕ್ತಸಂಬಂಧ ಕಡಿದುಕೊಂಡವರಿಗೆ ಮಾತ್ರ ಇಲ್ಲ ಎಂಬುದು ನಂಬಿಕೆ. ಅದಕ್ಕೇ ಹೊತ್ತು ಮುಳುಗುವುದರೊಳಗೆ ಒಬ್ಬರನ್ನೊಬ್ಬರು ಕಂಡು ಮಾಫಿ ಕೇಳಿಕೊಳ್ಳುವ ವಾಡಿಕೆ. ಮೊದಲೆಲ್ಲ ಹಲ್ವಾ ತಟ್ಟೆ ಹಿಡಿದು ಮನೆಮನೆಗೆ ಹೋಗುತ್ತಿದ್ದೆವು. ಈಗ ಮೊಬೈಲ್ ಇದೆಯಲ್ಲ! ಕಳೆದ ವರ್ಷ ಮುಳಬಾಗಿಲಿನ ನನ್ನ ಹೊಲಿಗೆ ಅಂಗಡಿಯಲ್ಲಿ ಕೂತು, ‘ತಿಳಿದೋ ತಿಳಿಯದೆಯೋ ನಿಮ್ಮ ಮನಸ್ಸು ನೋಯಿಸಿದ್ದರೆ ಮಾಫ್ ಮಾಡಿ’ ಎಂದು ಯಾರೋ ಕಳಿಸಿದ್ದ ಮೆಸೇಜನ್ನು ಫೋನಿನಲ್ಲಿದ್ದ ಎಲ್ಲರಿಗೂ ಕಳಿಸಿಬಿಟ್ಟೆ. ಅವರಲ್ಲಿ ಮಾಲೂರಿನ ಆಪಾನೂ ಇದ್ದಳು.

ಆಪಾ ನನ್ನ ಅಕ್ಕ. ಅಮ್ಮಿ ತೀರಿಕೊಂಡ ದಿನದಿಂದ, ಅಂದರೆ ಮೂರು ವರ್ಷದಿಂದ, ನನ್ನೊಂದಿಗೆ ಮಾತು ಬಿಟ್ಟಿದ್ದಳು. ಹತ್ತೇ ನಿಮಿಷದಲ್ಲಿ ಅವಳ ಉತ್ತರ ಬಂತು.

‘ಅಮ್ಮಿ ಮುಖ ನನಗೆ ತೋರಿಸದೆ ಇದ್ದದ್ದು ತಿಳಿದೋ, ತಿಳಿಯದೆಯೋ?’

ಕತ್ತರಿಸುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟು, ಬಾಗಿಲೆಳೆದು, ಕೋಲಾರದ ಬಸ್ಸು ಹತ್ತಿದೆ.

ಅಮ್ಮಿ ಎರಡು ವರ್ಷ ಹಾಸಿಗೆ ಹಿಡಿದಿದ್ದಳು. ಎತ್ತಿ ಕೂರಿಸಿ, ತೊಳೆದು ಬಳಿದದ್ದು ನಾನು, ನನ್ನ ಹೆಂಡತಿ. ಆಪಾ ಹಬ್ಬಕ್ಕೊಮ್ಮೆ ಬಂದು, ಅಮ್ಮಿಯ ಬೆನ್ನಿನ ಹುಣ್ಣು ನೋಡಿ, ‘ಸರಿಯಾಗಿ ನೋಡ್ಕೊಂಡಿದ್ರೆ ಹಿಂಗಾಗ್ತಿತ್ತಾ?’ ಎಂದು ಹೋಗುತ್ತಿದ್ದಳು. ಆ ಮಾತು ನನ್ನೊಳಗೆ ಕುದಿಯುತ್ತಲೇ ಇತ್ತು. ಅಮ್ಮಿ ಹೋದ ದಿನ ಮಧ್ಯಾಹ್ನ ಆಪಾ ದಾರಿಯಲ್ಲಿ ಕೋಲಾರದಿಂದ ಫೋನ್ ಮಾಡಿದಳು. ‘ಮುಕ್ಕಾಲು ಗಂಟೆ ತಡೀರೋ, ಬಂದೆ.’ ಹೂಂ ಅಂದೆ. ಆಮೇಲೆ ಹಿರಿಯರ ಹತ್ತಿರ ಹೋಗಿ, ‘ಆಪಾಗೆ ತಡ ಆಗುತ್ತಂತೆ, ಕಾಯಬೇಡಿ ಅಂದ್ಲು’ ಎಂದೆ. ಅವಳು ಬರುವಷ್ಟರಲ್ಲಿ ಕಬರಸ್ತಾನದಲ್ಲಿ ಮಣ್ಣು ಮುಚ್ಚಿ ಆಗಿತ್ತು. ಹಿರಿಯರು ಅವಸರ ಮಾಡಿದರು ಎಂದು ಅವಳಿಗೆ ಹೇಳಿದೆ. ಹಿರಿಯರಿಗೆ ಹೇಳಿದ್ದನ್ನು ಊರೆಲ್ಲ ನಂಬಿತು. ನನ್ನನ್ನು ನಂಬದವಳು ಅವಳೊಬ್ಬಳೇ.

ಬಸ್ಸಿನಲ್ಲೂ ಹಿರಿಯರ ಅವಸರದ ಅದೇ ಸುಳ್ಳನ್ನು ಒಪ್ಪವಾಗಿ ಜೋಡಿಸುತ್ತಿದ್ದೆ, ಎಂಥ ನಾಚಿಕೆಗೇಡಿ ನಾನು! ಕೋಲಾರದಲ್ಲಿ ಮಾಲೂರಿನ ಬಸ್ಸು ಎಷ್ಟು ಹೊತ್ತಾದರೂ ಹೊರಡಲಿಲ್ಲ. ಬಿಸಿಲು ಇಳಿಯುತ್ತಿತ್ತು. ಹೊತ್ತು ಮುಳುಗಿ ಮಗ್ರಿಬ್ ಆಜಾನ್ ಕೂಗುವ ಮೊದಲು ತಲುಪದಿದ್ದರೆ ಈ ವರ್ಷವೂ ಹೋಯಿತೆಂದು ಕಂಡಕ್ಟರನ ಮೇಲೆ ರೇಗಿದೆ. ಅವನು ತೆಲುಗಿನಲ್ಲಿ ನನಗೇ ಎರಡು ಮಾತು ಬಿಟ್ಟ.

ಆಪಾ ಅಡುಗೆಮನೆಯಲ್ಲಿ ರವೆ ಹಲ್ವಾ ತಿರುವುತ್ತಿದ್ದಳು. ನನ್ನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ. ಮೂರು ವರ್ಷದಲ್ಲಿ ಅವಳ ತಲೆ ಪೂರ್ತಿ ಬೆಳ್ಳಗಾಗಿತ್ತು, ಥೇಟ್ ಅಮ್ಮಿ. ಜೋಡಿಸಿಟ್ಟುಕೊಂಡಿದ್ದ ಸುಳ್ಳು ಬಾಯಿಗೆ ಬರಲೇ ಇಲ್ಲ.

‘ಆಪಾ, ಹಿರಿಯರು ಅವಸರ ಮಾಡ್ಲಿಲ್ಲ. ಕಾಯಬೇಡಿ ಅಂತ ನೀನೇ ಹೇಳಿದೆ ಅಂತ ನಾನೇ ಸುಳ್ಳು ಹೇಳ್ದೆ. ನಿನ್ನ ಮೇಲೆ ಸಿಟ್ಟಿತ್ತು.’

ಅವಳು ಒಲೆ ಆರಿಸಿದಳು. ಬೈಯುತ್ತಾಳೆ, ಹೊಡೆದರೂ ಹೊಡೆದಾಳು ಎಂದು ಕಾದೆ. ಅವಳು ನೆಲದ ಮೇಲೆ ಕೂತು, ಸೆರಗು ತಲೆಗೆಳೆದುಕೊಂಡು, ‘ನಂಗೊತ್ತಿತ್ತು ಕಣೋ’ ಅಂದಳು. ಆಮೇಲೆ ಕೇಳಿದಳು, ‘ಕೊನೇಲಿ ಅಮ್ಮಿ ಮುಖ ಹೆಂಗಿತ್ತು? ಅದನ್ನಾದ್ರೂ ಹೇಳು.’

ಏನೂ ನೆನಪಾಗಲಿಲ್ಲ. ಕೊನೆಯ ಸಲ ಕಫನ್ ಬಟ್ಟೆ ಸರಿಸಿ ಮುಖ ತೋರಿಸಿದಾಗ ನಾನೂ ಅಲ್ಲೇ ನಿಂತಿದ್ದೆ.

‘ನಾನು ನೋಡ್ಲಿಲ್ಲ ಆಪಾ,’ ಅಂದೆ. ‘ಬೀದಿ ಕಡೇನೇ ನೋಡ್ತಿದ್ದೆ, ನೀನು ಬಂದ್ಬಿಡ್ತೀಯೇನೋ ಅಂತ.’