ಮೂಗುಬೊಟ್ಟಿಗೆ ಜಾಗ ಬಿಟ್ಟ ಮಾಸ್ಕು

ಕೊರೊನಾದ ಮೊದಲ ಬೇಸಿಗೆಯಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದಾಗ ನಮ್ಮತ್ತೆ ಮಾತ್ರ ಮನೆಯಲ್ಲಿ ಕೂರುವಂತಿರಲಿಲ್ಲ. ಅವರ ಕಿಡ್ನಿ ಕೈಕೊಟ್ಟಿತ್ತು. ವಾರಕ್ಕೆರಡು ಸಲ ಮದ್ದೂರಿನಿಂದ ಮಂಡ್ಯಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಲೇಬೇಕು. ಹೋಗದಿದ್ದರೆ ಮೈ ಊದಿಕೊಳ್ಳುತ್ತದೆ, ಹೋದರೆ ಅಲ್ಲಿ ಯಾರು ಕೆಮ್ಮುತ್ತಾರೋ ಏನೋ. ಇವರಿಗೆ ತಗುಲಿದರೆ ಉಳಿಯುವುದು ಕಷ್ಟ ಅಂತ ಡಾಕ್ಟರು ನನ್ನ ಗಂಡನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅಂದಿನಿಂದ ನನಗೆ ಊಟ ಸೇರುತ್ತಿರಲಿಲ್ಲ.

ಅಂಗಡಿಯ ಮಾಸ್ಕನ್ನು ಅತ್ತೆ ಹಾಕಿಕೊಂಡ ಹಾಗೆ ಮಾಡಿ ಗದ್ದಕ್ಕೆ ಇಳಿಸುತ್ತಿದ್ದರು. ಕಾರಣ ಅವರ ಮೂಗುಬೊಟ್ಟು. ಏಳು ಹರಳಿನ, ಅಗಲವಾದ ಹಳೇ ಕಾಲದ್ದು. ಬಟ್ಟೆ ಒತ್ತಿದರೆ ಒಳಗಿನ ತಿರುಪು ಚುಚ್ಚುತ್ತಿತ್ತು, ದಾರ ಹರಳಿಗೆ ಸಿಕ್ಕಿಕೊಳ್ಳುತ್ತಿತ್ತು.

"ಸ್ವಲ್ಪ ದಿನ ಬಿಚ್ಚಿಡಿ ಅತ್ತೆ" ಎಂದೆ.

"ನಿಮ್ಮಾವ ಗುಂಡ್ಕಲ್ಲಂಗೆ ಕುಂತವ್ರೆ, ನಾನ್ಯಾಕವ್ವ ಮೂಗು ಬೋಳು ಮಾಡ್ಕಳ್ಳಿ?" ಎಂದರು. ಗಂಡ ಬದುಕಿರುವಾಗ ಮೂಗುಬೊಟ್ಟು ತೆಗೆಯುವುದು ಅವರಿಗೆ ಅಪಶಕುನ. ಮಾವನವರೇ ಜಗಲಿಯಿಂದ, "ತಗ್ದಾಕು ಅತ್ಲಾಗೆ, ನಾನೇನ್ ಸತ್ತೋಯ್ತೀನಾ?" ಎಂದು ಗದರಿದರು. ಅತ್ತೆ ಕಿವಿಗೇ ಹಾಕಿಕೊಳ್ಳಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಪ್ರಾಣಕ್ಕಿಂತ ಹರಳು ಹೆಚ್ಚಾಯಿತೇ? ಆದರೆ ಸಿಟ್ಟು ಮಾಡಿಕೊಂಡರೆ ಮೂಗು ಮುಚ್ಚುವುದಿಲ್ಲವಲ್ಲ. ನಾನು ಕೇರಿಯ ಹೆಂಗಸರಿಗೆ ರವಿಕೆ ಹೊಲಿದುಕೊಡುವವಳು. ನೆರಿಗೆ ಹಿಡಿದು ಒಂದು ಮಾಸ್ಕು ಹೊಲಿದೆ, ಅದೂ ಮೂಗಿಗೇ ಒತ್ತಿತು. ಗಟ್ಟಿಯಾಗಿ ನಿಲ್ಲಲೆಂದು ಒಳಗೆ ಕಾಲರಿನ ಕ್ಯಾನ್ವಾಸ್ ಕೊಟ್ಟು ಇನ್ನೊಂದು ಹೊಲಿದೆ. ಅತ್ತೆ ಎರಡು ಮಾತಾಡುವಷ್ಟರಲ್ಲಿ ಗಾಳಿ ಸಾಲದೆ ಏದುಸಿರು ಬಿಟ್ಟರು. ಹೆದರಿ ನಾನೇ ಕಿತ್ತು ಎಸೆದೆ.

ಮಾರನೆಯ ದಿನ ಮತ್ತೆ ಮಂಡ್ಯಕ್ಕೆ ಹೋಗಬೇಕಿತ್ತು. ಏನು ಮಾಡಲೂ ತೋಚದೆ ಕೂತಿದ್ದಾಗ ಕಟೋರಿ ರವಿಕೆಯ ಕಾಗದದ ಅಳತೆ ಕಣ್ಣಿಗೆ ಬಿತ್ತು. ಎದೆಯ ಭಾಗ ಬಟ್ಟಲಿನಂತೆ ಉಬ್ಬಿ ನಿಲ್ಲುವ ಕಟಿಂಗು ಅದು. ಅದನ್ನೇ ಮೂಗಿನ ಅಳತೆಗೆ ಇಳಿಸಿ, ಮಾವನವರ ಒಗೆದು ಒಗೆದು ಮೆತ್ತಗಾಗಿದ್ದ ಪಂಚೆಯನ್ನು ಎರಡು ಪದರ ಕತ್ತರಿಸಿದೆ. ಬಾಗಿದ ತುಂಡುಗಳನ್ನು ನಡುವೆ ಕೂಡಿಸಿದಾಗ ಬಟ್ಟೆ ಮೂಗಿನಿಂದ ಕೊಂಚ ದೂರ ನಿಂತಿತು. ಹೊಲಿಗೆಯ ಅಂಚನ್ನು ಮೂಗುಬೊಟ್ಟಿಲ್ಲದ ಕಡೆಗೆ ಮಡಿಸಿ ಇಸ್ತ್ರಿ ಒತ್ತಿದೆ. ಎಲಾಸ್ಟಿಕ್ ಎಲ್ಲಿಯೂ ಸಿಗದೆ ಲಂಗದ ಲಾಡಿಯನ್ನೇ ಹಾಕಿದೆ. ತುರುಬಿನ ಮೇಲೊಂದು, ಕೆಳಗೊಂದು ಗಂಟು ಕಟ್ಟಿದರೆ ಕಿವಿಯ ಓಲೆಗೂ ತೊಂದರೆಯಿಲ್ಲ.

ಅತ್ತೆ ಕನ್ನಡಿ ನೋಡಿಕೊಂಡು, "ನಿನ್ ಮನೆ ಆಳಾಗ! ಮೂತಿಗೂ ರವಿಕೆ ಒಲ್ದಲ್ಲವ್ವ, ಮ್ಯಾಲೆ ಲಾಡಿ ಬ್ಯಾರೆ" ಎಂದು ನಕ್ಕರು. ಬೈಯುವ ಭರದಲ್ಲಿ ಆ ಮನೆ ತಮ್ಮದೇ ಎಂಬುದು ಅವರಿಗೆ ಮರೆತುಹೋಗಿತ್ತು. ಆದರೆ ಮಾಸ್ಕು ಗದ್ದಕ್ಕೆ ಇಳಿಯಲಿಲ್ಲ.

ಮಾರನೆಯ ಸಂಜೆ ಮಂಡ್ಯದಿಂದ ಅತ್ತೆಯ ಆಟೋ ಬಂದು ನಿಂತಾಗ ಮಾವನವರು ಎಂದಿನಂತೆ ಕಾಲಿಗೆ ಚೊಂಬಿನಲ್ಲಿ ನೀರು ಹಿಡಿದು ಎದ್ದುಹೋದರು.

"ಅಲ್ಲೇ ನಿಂತ್ಕಳಿ!" ಅತ್ತೆ ಕೂಗಿದರು. ಮಾಸ್ಕು ಇನ್ನೂ ಮುಖದ ಮೇಲೇ ಇತ್ತು. "ಪಕ್ಕದ್ ಮಂಚದವ್ಳು ಇವತ್ತು ಬರ್ನಿಲ್ಲ. ಅವ್ಳಿಗೆ ಬಂದ್ಬುಟ್ಟದಂತೆ. ಓದ್ಸತಿ ನನ್ ಪಕ್ಕದಲ್ಲೇ ಕೆಮ್ತಿದ್ಲು."

ಹೋದ ಸಲ ಅತ್ತೆಯ ಮಾಸ್ಕು ಗದ್ದದಲ್ಲಿತ್ತು. ಏನೂ ಆಗಿಲ್ಲ ಎಂದು ಗೊತ್ತಾಗಲು ಇನ್ನೂ ಎರಡು ವಾರ ಜೀವ ಕೈಯಲ್ಲಿ ಹಿಡಿದು ಕಾಯಬೇಕಿತ್ತು.

"ಬಿಚ್ಚು ಅದ, ಮನೇಗ್ ಬಂದ್ಮೇಲೂ ಯಾಕೆ" ಎನ್ನುತ್ತಾ ಮಾವ ಮುಂದೆ ಬಂದರು.

"ಬರ್ಬ್ಯಾಡಿ ಅಂದ್ನಲ್ಲ. ನಿಮ್ಗೆ ಅಂಟ್ಸ್ಬುಟ್ಟು ನಾನು ಯಾರಿಗೆ ಅಂತ ಮೂಗ್ಬಟ್ಟು ಇಕ್ಕಳ್ಳಿ?"

ಮಾವನವರು ಚೊಂಬನ್ನು ನೆಲದ ಮೇಲಿಟ್ಟು ಹಿಂದಕ್ಕೆ ಸರಿದರು.